ಎರೆಮಣ್ಣಿನೊಂದಿಗೆ ರಾಯಾಪುರಕ್ಕೆ

ಚೈತ್ರದ ಬಿಸಿಲು ಏರುವ ಮೊದಲೇ ನಾವು ಧಾರವಾಡ ಬಿಟ್ಟೆವು. ನನ್ನ ತಂಗಿ ಸುಮಿತ್ರೆ ಕಾಲೇಜೊಂದರ ಪ್ರಯೋಗಾಲಯದ ಮುಖ್ಯಸ್ಥೆ. ಅವಳಿಗೆ ಎಕ್ಸ್‌ರೇ ಡಿಫ್ರಾಕ್ಟೋಮೀಟರ್ ಕೊಡಿಸಲು ಆಡಳಿತ ಮಂಡಳಿ ಒಪ್ಪಿತ್ತು, ಒಂದನ್ನು ಮಾತ್ರ. ಪುಡಿಯ ಮೇಲೆ ಕ್ಷ-ಕಿರಣ ಬಿಟ್ಟು, ಅದು ಯಾವ ಯಾವ ಕೋನದಲ್ಲಿ ಹೊರಳುತ್ತದೆ ಎಂಬುದರಿಂದ ಒಳಗಿನ ಖನಿಜವನ್ನು ಗುರುತಿಸುವ ಯಂತ್ರವದು. ಬೈರಿದೇವರಕೊಪ್ಪದ ಹೊಸ ಮನೆಗಳ ಗೋಡೆಗಳಲ್ಲಿ ಬಿರುಕು ಮೂಡಿಸುವ, ನೀರು ಕುಡಿದು ಉಬ್ಬುವ ಮಣ್ಣನ್ನು ಅರಿಯುವುದು ಅವಳ ಹಂಬಲ. ತಪ್ಪು ಯಂತ್ರ ಬಂದರೆ ಆ ಕೆಲಸ ಅಲ್ಲಿಗೇ ನಿಂತಂತೆ. ಆಯ್ಕೆಯ ವರದಿಯನ್ನು ಶುದ್ಧ ಕನ್ನಡದಲ್ಲಿ ಬರೆದುಕೊಡಲು, ಶಾಲೆಯ ಮಾಸ್ತರಿಕೆ ಬಿಟ್ಟಿದ್ದ ನಾನು ಜೊತೆಗಿದ್ದೆ.

ಬಸ್ಸಿನಲ್ಲಿ ಅವಳ ಮಡಿಲ ಮೇಲೆ ಸ್ಟೀಲಿನ ಡಬ್ಬಿಯಿತ್ತು; ಅದರೊಳಗೆ ಅರೆದು ಸೋಸಿದ ಕಪ್ಪು ಮಣ್ಣು. ಚೀಟಿಯ ಮೇಲೆ ‘ಎರಿ’ ಎಂದಿದ್ದುದನ್ನು ನಾನು ‘ಎರೆ’ ಎಂದು ತಿದ್ದಿದೆ.

“ಮಣ್ಣನ್ನೂ ಬಿಡಂಗಿಲ್ಲಲ್ಲೋ ಅಣ್ಣಾ ನೀ!” ಎಂದು ನಕ್ಕಳು.

ರಾಯಾಪುರದ ಮಾರಾಟ ಮಳಿಗೆಯಲ್ಲಿ ಇಂಥ ಎರಡು ಯಂತ್ರಗಳಿದ್ದವು. ಒಂದು ಮೇಜಿನ ಮೇಲೆ ಕೂರುವ ಮುದ್ದಾದದ್ದು, ಇನ್ನೊಂದು ಬೀರುವಿನಷ್ಟು ದೊಡ್ಡದು. ಮೈಸೂರು ಕಡೆಯ ಎಂಜಿನಿಯರ್ ತಮ್ಮದೇ ಬಿಳಿಯ ಪುಡಿಯನ್ನು ಎರಡಕ್ಕೂ ಹಾಕಿ ತೋರಿಸಿದರು. ಎರಡರ ಪರದೆಗಳಲ್ಲಿಯೂ ಗೆರೆ ಒಂದೇ ತೆರನಾಗಿ ಚೂಪಾಗಿ ಎದ್ದಿತು.

“ನೋಡಿ ಮೇಡಂ, ನಿಮಗೆ ಚಿಕ್ಕದೇ ಸಾಕು.”

“ನಿಮ್ಮ ಪುಡಿ ಛಲೋ ಐತ್ರಿ. ಈಗ ನಮ್ಮ ಮಣ್ಣು ಹಾಕ್ರಿ,” ಎಂದು ತಂಗಿ ಡಬ್ಬಿ ಚಾಚಿದಳು.

ಚೀಟಿ ಓದಿದವರೇ ಅವರು ಕೈ ಹಿಂದೆಗೆದರು. “ಎರೆಹುಳದ ಗೊಬ್ಬರಾನಾ? ಹುಳ ಗಿಳ ಒಳಗೆ ಹೋದ್ರೆ ಯಾರು ಜವಾಬ್ದಾರಿ?”

ತಂಗಿ ನನ್ನತ್ತ ತಿರುಗಿದಳು. “ಮಾಸ್ತರ್ರ, ನೀವ ತಿಳಿಸಿ ಹೇಳ್ರೆಪಾ.”

ಎರೆಯೆಂದರೆ ಇಲ್ಲಿ ಹತ್ತಿ ಬೆಳೆಯುವ ಕರಿಯ ನೆಲವೆಂದು ವಿವರಿಸಿದೆ. “ಹಾಗಂತಾನೇ ಬರೀಬೇಕಲ್ವಾ ಸಾರ್!” ಎಂದರು. ನಿಘಂಟಿನಲ್ಲಿ ಎರಡೂ ಅರ್ಥಗಳಿರುವುದರಿಂದ ನಾನು ವಾದಿಸಲಿಲ್ಲ.

ಯಂತ್ರಗಳು ಮಣ್ಣನ್ನು ನೋಡುವಷ್ಟರಲ್ಲಿ ನಾವು ರಸ್ತೆಯಂಚಿನಲ್ಲಿ ಮಂಡಕ್ಕಿಯ ಗಿರ್ಮಿಟ್ ತಿಂದು ಬಂದೆವು. ಉಬ್ಬುವ ಮಣ್ಣು ತನ್ನ ಮುಖ್ಯ ಗುರುತನ್ನು ತೋರುವುದು ಅತಿ ಕಿರಿದಾದ ಕೋನದಲ್ಲಿ. ಚಿಕ್ಕ ಯಂತ್ರದಲ್ಲಿ ಗೆರೆಯ ಆ ಭಾಗವೇ ಮಬ್ಬಾಗಿತ್ತು. ದೊಡ್ಡದರಲ್ಲಿ ಅದೇ ಜಾಗದಲ್ಲಿ ಅಗಲವಾದ ದಿಬ್ಬವೊಂದು ಎದ್ದು ನಿಂತಿತ್ತು.

“ಸಿಕ್ತು ನೋಡಣ್ಣಾ, ಗ್ವಾಡಿ ಸೀಳೂ ಕಳ್ಳ!” ತಂಗಿ ನನ್ನ ತೋಳು ಹಿಡಿದು ಅಲುಗಿಸಿದಳು.

“ದೊಡ್ಡದಕ್ಕೆ ಪ್ರತ್ಯೇಕ ಕೋಣೆ ಬೇಕು, ಏಸಿ ಬೇಕು. ಇದೆಯಾ?” ಎಂದು ಎಂಜಿನಿಯರ್ ಕೇಳಿದರು.

ಅವಳು ಡಬ್ಬಿಯ ಮುಚ್ಚಳ ಬಿಗಿದಳು. “ಐತ್ರಿ. ದೊಡ್ಡದ ಬರಕೋರಿ.”

ಮರಳುವ ಬಸ್ಸಿನಲ್ಲಿ ಕೇಳಿದೆ: “ಯಾವ ಖೋಲಿ ಕೊಡ್ತೀ?”

“ನಂದು.”

“ಮತ್ತ ನೀ ಎಲ್ಲಿ ಕೂಡ್ತೀ?”

“ವರಾಂಡದಾಗ ಗಾಳಿ ಛಲೋ ಬರತೈತಿ.”

ಬಸ್ಸು ತಿರುವು ದಾಟಿದರೂ ಅವಳು ಕತ್ತು ಹೊರಳಿಸಿ ರಾಯಾಪುರದತ್ತಲೇ ನೋಡುತ್ತಿದ್ದಳು. “ನನ್ನ ಬಾಗಲದಾಗ ಅದು ಹಿಡಸ್ತೈತೋ ಇಲ್ಲೋ ಅಣ್ಣಾ?” ಎಂದಳು, ಹಿಡಿಸದಿದ್ದರೆ ಚೌಕಟ್ಟನ್ನೇ ಕೀಳಿಸುವ ದನಿಯಲ್ಲಿ.