ಮುಚ್ಚಳದ ಜೇಡ ಬಲ್ಲ ಬುಡ್ಡೇಸಾಬ್

ತುರ್ವಿಹಾಳದ ಬುಡ್ಡೇಸಾಬ್ ಅಮರಗುಂಡಪ್ಪನವರ ಗದ್ದೆಗೆ ನೀರು ಕಟ್ಟುತ್ತಲೇ ಮುದುಕನಾದವನು. ಬದುವಿನ ಮೇಲಿನ ತೂತು ನೋಡಿ ಒಳಗಿರುವ ಜೀವ ಯಾವುದೆಂದು ಹೇಳುವನು. ಬಾಯಿ ತೆರೆದಿದ್ದು ಅಂಚಿಗೆ ಬಲೆ ಹಾಸಿದ್ದರೆ ಕೂದಲ ಜೇಡ. ಬಾಯಿಗೆ ಮಣ್ಣಿನ ಮುಚ್ಚಳವಿದ್ದರೆ ಅದು ಬೇರೆಯ ಜೇಡ. ಕರ್ರಗೆ ಮಿರುಗುವಂಥದು, ಮೋಟುಗಾಲಿನದು. ಇವೆರಡರ ಬಿಲದಿಂದ ನೀರು ಸೋರುವುದಿಲ್ಲ. ಏಡಿಯ ಬಿಲ ಮಾತ್ರ ಬದುವಿನ ಆಚೆಗೆ ದಾಟುತ್ತದೆ. ಆದರೆ ಏಡಿಯೂ ಒಮ್ಮೊಮ್ಮೆ ಬಾಯಿಗೆ ಕೆಸರು ಮೆತ್ತಿಕೊಳ್ಳುತ್ತದೆ. ಮೇಲಿಂದ ನೋಡಿದವರಿಗೆ ಅದೂ ಮುಚ್ಚಳವೇ. ಆಗ ಬುಡ್ಡೇಸಾಬ್ ಅಂಚಿಗೆ ಹುಲ್ಲುಕಡ್ಡಿ ತೂರಿಸಿ ಮೆಲ್ಲಗೆ ಎತ್ತುವನು. ಜೇಡವಾದರೆ ಒಳಗಿನಿಂದ ಮುಚ್ಚಳ ಹಿಡಿದು ಜಗ್ಗುತ್ತದೆ. ಜಗ್ಗಿದರೆ ಬಿಟ್ಟುಬಿಡುವನು, ಇಲ್ಲದಿದ್ದರೆ ಅಗಿದು ಮಣ್ಣು ತುಳಿಯುವನು.

ಅಮರಗುಂಡಪ್ಪನವರಿಗೆ ಇದು ಸೇರುತ್ತಿರಲಿಲ್ಲ. ಎಲ್ಲಾ ತೂತನ್ನೂ ಮುಚ್ಚು ಎನ್ನುವರು. ಕಂಡಕಂಡಲ್ಲಿ ಕೆದಕಿದರೆ ಗಟ್ಟಿ ಬದು ಸಡಿಲಾಗುತ್ತದೆ, ಹುಳ ತಿನ್ನುವ ಜೀವ ಇರಲಿ ಎಂದು ಇವನ ವಾದ. ಒಮ್ಮೆ ಮಾತಿಗೆ ಮಾತು ಬೆಳೆದು ಅಂದೇಬಿಟ್ಟಿದ್ದ: "ನಾ ಬಿಟ್ಟ ತೂತು ಸೋರಿದ್ರ ನನ್ನ ತಗದು ಬ್ಯಾರೇದವನ್ನ ಇಟ್ಕೊಳ್ರಿ ಧಣೇರ."

ಈ ವರ್ಷ ಅವನ ಕೈಗೆ ನಡುಕ ಬಂತು. ಚೆಲ್ಲದಿರಲೆಂದು ಹೆಂಡತಿ ಶಂಶಾದ್‌ಬೀ ಚಹಾ ಅರ್ಧ ಕಪ್ಪೇ ಕೊಡತೊಡಗಿದ್ದಳು. ಗೊಬ್ಬರ ಚೆಲ್ಲಿ ನೀರು ಬಿಟ್ಟ ದಿನ ಒಂದು ಮುಚ್ಚಳಕ್ಕೆ ಕಡ್ಡಿ ತೂರಿಸಿದ. ಕಡ್ಡಿ ಅಲುಗಿತು. ಜೇಡ ಜಗ್ಗಿತೆಂದು ಮುಂದೆ ನಡೆದ. ಅಲುಗಿದ್ದು ಅವನದೇ ಕೈ, ಬಿಲ ಏಡಿಯದು.

ಬೆಳಗಾಗುವುದರಲ್ಲಿ ಗೊಬ್ಬರದ ನೀರೆಲ್ಲ ಪಕ್ಕದ ಕನಕಮ್ಮನ ಗದ್ದೆಗೆ ಇಳಿದಿತ್ತು. ಮುಂದೆ ಅವಳ ನೆಲ್ಲು ಕರಿಹಸಿರಾಯಿತು, ಅಮರಗುಂಡಪ್ಪನವರದು ಹಳದಿಗೆ ತಿರುಗಿತು. ದಾರಿಹೋಕರೆಲ್ಲ ನಿಂತು ನೋಡುವರು. ಬುಡ್ಡೇಸಾಬ್ ಸಾಕಿದ ಜೇಡ ಕನಕಮ್ಮನ ಗದ್ದೆಗೆ ಗೊಬ್ಬರ ಹಾಕಿದೆ ಎಂದು ಚಹಾದಂಗಡಿಯಲ್ಲಿ ನಕ್ಕರು.

"ನಾ ಏನೂ ಅನ್ನಂಗಿಲ್ಲ, ಬುಡ್ಡೇಸಾಬ. ನೀನ ಆಡಿದ ಮಾತು," ಎಂದರು ಅಮರಗುಂಡಪ್ಪ.

ನೀರಿನ ಕೆಲಸ ಹರೆಯದ ಸಂಗನಬಸವನಿಗೆ ಹೋಯಿತು. ಬದು ಅಗಿದು ಹೊಸದಾಗಿ ಕಟ್ಟಲು ಆಳು ಬೇಕಾಗಿತ್ತು. ಬೇರೆ ಕೆಲಸ ಸಿಗದೆ ಬುಡ್ಡೇಸಾಬ್ ಅದೇ ಬದುವಿಗೆ ಕೂಲಿಗೆ ಹೋದ. ಒಂದು ಮುಚ್ಚಳ ಕಂಡು ಕುಕ್ಕರಗಾಲಲ್ಲಿ ಕೂತು, ಇದು ಜೇಡದ್ದು ಎಂದ.

"ಏಡಿದರ ಇರ್ಲಿ, ಜೇಡದ್ದರ ಇರ್ಲಿ ಕಾಕಾ, ನಿನ್ನ ಯಾರು ಕೇಳ್ಯಾರ? ಅಗಿ," ಎಂದ ಸಂಗನಬಸವ.

ಅಗಿದ. ಜೇಡದ್ದೇ ಆಗಿತ್ತು, ಮರಿಗಳ ಸಮೇತ. ಬುಡ್ಡೇಸಾಬ್ ಅದರ ಮೇಲೆ ಮಣ್ಣೆಳೆದು ತುಳಿದು, ಮುಂದಿನದಕ್ಕೆ ಸರಿದ.