ಸಾಮುವೇಲಪ್ಪ ಬೆನ್ನು ಕೊಟ್ಟ ಹನ್ನೊಂದು ದಿನ

ದಾವಣಗೆರೆ ಮಂಡಿಪೇಟೆಯ ಹಮಾಲರ ಮೇಸ್ತ್ರಿ ಸಾಮುವೇಲಪ್ಪ ಸಿಟ್ಟಿಗೆದ್ದು ಕೂಗಿದರೆ, ಹದಿನಾಲ್ಕು ಕಿಲೋಮೀಟರ್ ಆಚೆ ಹರಿಹರ ಸ್ಟೇಷನ್ನಿನಲ್ಲಿ ಗಾರ್ಡು ಹೆದರಿ ಹಸಿರು ಬಾವುಟ ಬೀಸಿಬಿಡುತ್ತಿದ್ದನಂತೆ. ಇದರಲ್ಲಿ ಒಂಚೂರು ಉತ್ಪ್ರೇಕ್ಷೆ ಇದೆ. ಬಾವುಟ ಕೆಂಪಿನದೂ ಇರಬಹುದು. ಹರಿಹರದ ಮನೆಯಿಂದ ಬೆಳಗಿನ ಪ್ಯಾಸೆಂಜರ್ ರೈಲಿಗೆ ದಾವಣಗೆರೆ ಮುಟ್ಟುವಷ್ಟರಲ್ಲಿ ಅವನು ಎರಡು ಜಗಳ ಮುಗಿಸಿ, ಮೂರನೆಯದನ್ನು ಬುತ್ತಿಯ ಜೊತೆ ಕಟ್ಟಿಕೊಂಡು ಇಳಿಯುತ್ತಿದ್ದ. ಭಾನುವಾರ ಮಾತ್ರ ಚರ್ಚಿನ ಮೂರನೇ ಬೆಂಚಿನಲ್ಲಿ ಕುರಿಮರಿಯ ಹಾಗೆ ಕೂರುತ್ತಿದ್ದ.

ಹಮಾಲರ ಕೆಲಸಕ್ಕೊಂದು ಕಟ್ಟಳೆ ಇದೆ. ಕ್ವಿಂಟಾಲ್ ಚೀಲವನ್ನು ಇಬ್ಬರು ಎರಡು ತುದಿ ಹಿಡಿದು ಎತ್ತುತ್ತಾರೆ. ಮೂರನೆಯವನು ಬಗ್ಗಿ ಬೆನ್ನು ಕೊಡುತ್ತಾನೆ. ಎತ್ತುವವರಲ್ಲಿ ಹಿರಿಯನು ‘ಒಂದು, ಎರಡು, ಹಾಂ’ ಎಂದು ಎಣಿಸಬೇಕು. ‘ಹಾಂ’ ಅನ್ನುವ ತನಕ ಯಾರೂ ಕೈ ಬಿಡುವಂತಿಲ್ಲ. ಬಗ್ಗಿದವನಿಗೆ ಮೇಲೆ ಏನಾಗುತ್ತಿದೆ ಎಂದು ಕಾಣಿಸುವುದಿಲ್ಲ.

೧೯೯೮ರ ಬೇಸಿಗೆಯ ಒಂದು ಮಧ್ಯಾಹ್ನ ಕುಕ್ಕುವಾಡದ ಉಚ್ಚೆಂಗಪ್ಪ ಹಾಗೆ ಬಗ್ಗಿದ್ದವನು ಅಲ್ಲಿಂದಲೇ, “ಬೆಂಕಿಪೊಟ್ಣ ಯಾಕ್ರಪ್ಪ, ಮೇಸ್ತ್ರಿ ಮೂಗಿಗೆ ಬೀಡಿ ಹಿಡದ್ರೆ ತಾನೇ ಹತ್ಕಂತೈತೆ” ಅಂದ. ಎಲ್ಲರೂ ನಕ್ಕರು. ತುದಿ ಹಿಡಿದು ಎಣಿಸುತ್ತಿದ್ದ ಸಾಮುವೇಲಪ್ಪ ‘ಎರಡು’ ಅನ್ನುವಲ್ಲಿಗೇ ಕೈ ಬಿಟ್ಟ. ಚೀಲ ಓರೆಯಾಗಿ ಕುತ್ತಿಗೆಯ ಮೇಲೆ ಬಿತ್ತು. ಉಚ್ಚೆಂಗಪ್ಪ ಎರಡು ತಿಂಗಳು ಹಾಸಿಗೆ ಹಿಡಿದ. ಸಾಮುವೇಲಪ್ಪ ಕುಕ್ಕುವಾಡಕ್ಕೆ ಹೋಗಿ ತಪ್ಪಾಯಿತು ಎಂದರೆ, ಅವನು ಗೋಡೆ ಕಡೆ ಮಗ್ಗುಲಾದ.

ಮಂಡಿಯಲ್ಲಿ ಯಾರೂ ಜಗಳಕ್ಕೆ ಬರಲಿಲ್ಲ. ಸಾಮುವೇಲಪ್ಪ ಚೀಲದ ತುದಿ ಹಿಡಿದರೆ ಸಾಕು, ಬಗ್ಗಿದವನು ನೆಟ್ಟಗಾಗಿ “ನೀರು ಕುಡ್ದು ಬತ್ತೀನಿ” ಎಂದು ಹೊರಟುಬಿಡುತ್ತಿದ್ದ. ಆ ಎರಡು ತಿಂಗಳಲ್ಲಿ ಹಮಾಲರು ಕುಡಿದ ನೀರಿಗೆ ತುಂಗಭದ್ರೆ ಎರಡು ಮೆಟ್ಟಿಲು ಕೆಳಗಿಳಿಯಿತು.

ಮಂಡಿ ಸಾವ್ಕಾರ ಶಿವಮೂರ್ತಪ್ಪನವರು ಕರೆದು, “ನಿನ್ನ ಕೈಗೆ ಯಾರೂ ಬೆನ್ನು ಕೊಡವಲ್ರು. ನಾನೇನು ಬಗ್ಗಲೇನು? ಶ್ರಾವಣದೊಳಗೆ ಸರಿ ಮಾಡ್ಕ, ಇಲ್ಲಾಂದ್ರೆ ಬ್ಯಾರೆ ಮೇಸ್ತ್ರಿ ನೋಡ್ತೀನಿ” ಎಂದರು.

ಆ ಭಾನುವಾರ ಆರಾಧನೆ ಮುಗಿದ ಮೇಲೆ ಅವನು ಚರ್ಚಿನ ಅಯ್ಯನವರ ಮುಂದೆ ನಿಂತ.

“ಸಿಟ್ಟು ಹೋಗ್ಲಿ ಅಂತ ಪ್ರಾರ್ಥನೆ ಮಾಡಿದ್ಯಾ?”

“ಮಾಡಿದೆ ಅಯ್ನೋರೆ. ಮಧ್ಯದಾಗೆ ಸೊಳ್ಳೆ ಕಚ್ತು. ಅದರ ವಂಶಾನೆಲ್ಲ ಬೈದು, ಆಮೇಲೆ ಆಮೆನ್ ಅಂದೆ.”

ಅಯ್ಯನವರು ನಗಲಿಲ್ಲ. “ಸಾತ್ವಿಕ ಅಂದ್ರೆ ಕೈಲಾಗದೋನು ಅಲ್ಲಪ್ಪ. ತಿರುಗಿಸಿ ಹೊಡೆಯೋ ತಾಕತ್ತು ಇದ್ದೂ ತಗ್ಗಿ ನಿಲ್ಲೋನು. ಕರ್ತನನ್ನ ನೋಡು.”

ಮನೆಯ ದಾರಿಯಲ್ಲಿ ಹೆಂಡತಿ ಕಮಲಕ್ಕ ಆ ಮಾತನ್ನು ಹಮಾಲರ ಲೆಕ್ಕಕ್ಕೆ ಇಳಿಸಿದಳು: “ಆತನ ಬೆನ್ನಿಗೆ ಶಿಲುಬೆ ಎತ್ತಿಟ್ಟೋರು ಯಾರ್ರಿ? ಹೊಡದೋರೇ ಅಲ್ಲೇನು? ಆದ್ರೂ ಆತ ನೀರು ಕುಡ್ದು ಬತ್ತೀನಿ ಅಂತ ಎದ್ದು ಹೋಗ್ಲಿಲ್ಲ ನೋಡ್ರಿ.”

ಸಾಮುವೇಲಪ್ಪ ಮನೆ ಮುಟ್ಟಿದವನೇ, ಹಿಂದೆ ಚೀಲ ಹೊರುವಾಗ ಹೊದೆಯುತ್ತಿದ್ದ ಹಳೆಯ ಗೋಣಿಯನ್ನು ಅಟ್ಟದಿಂದ ಇಳಿಸಿ ಕೊಡವಿದ. ಮೇಸ್ತ್ರಿಯಾದ ಮೇಲೆ ಅದನ್ನು ಮುಟ್ಟಿದ್ದು ಅದೇ ಮೊದಲು.

ಆಷಾಢದಲ್ಲಿ ಉಚ್ಚೆಂಗಪ್ಪ ಕೆಲಸಕ್ಕೆ ಮರಳಿದ ದಿನ ಸಾಮುವೇಲಪ್ಪ ರುಮಾಲು ತೆಗೆದಿಟ್ಟು, ತಲೆ ಬೆನ್ನಿಗೆ ಗೋಣಿ ಹೊದ್ದು ಅವನ ಮುಂದೆ ಬಗ್ಗಿದ. “ನೀನು ಎತ್ತಪ್ಪ. ಎಣಿಕೇನೂ ನಿಂದೇ.”

ಮೇಸ್ತ್ರಿಯಾದವನು ಚೀಲ ಹೊರುವುದೆಂದರೆ ಮದುಮಗ ಎಂಜಲೆಲೆ ಎತ್ತಿದ ಹಾಗೆ. ಪೇಟೆಗೆ ಪೇಟೆಯೇ ತಕ್ಕಡಿ ಬಿಟ್ಟು ನೋಡಲು ನಿಂತಿತು. ಉಚ್ಚೆಂಗಪ್ಪ ಒಂದು ತುದಿ ಹಿಡಿದ, ಜೊತೆಯ ಹಮಾಲ ಪಾಲಯ್ಯ ಇನ್ನೊಂದು.

“ಒಂದು,” ಅಂದ ಉಚ್ಚೆಂಗಪ್ಪ. ಮುಂದಿನದನ್ನು ಅನ್ನಲಿಲ್ಲ. “ಪಾಲಯ್ಯ, ಮಳೆ ಬರೋ ಹಂಗೈತಲ್ಲ? ಮೇಸ್ತ್ರೀ, ನಿಮ್ಮ ಯೇಸಪ್ಪ ಏನಂತಾನೆ, ಬಿಡ್ಲೇನು ಕುತ್ತಿಗೆ ಮ್ಯಾಲೆ?”

ಸಿಟ್ಟು ಹಿಮ್ಮಡಿಯಿಂದ ಹೊರಟು ಮೊಣಕಾಲು ದಾಟಿ ಎದೆಗೆ ಬಂತು. ಆ ಹೊತ್ತಿಗೆ ಅವನ ಬೆನ್ನ ಮೇಲಿಟ್ಟಿದ್ದರೆ ಚೀಲದೊಳಗಿನ ಅಕ್ಕಿ ಅನ್ನವಾಗುತ್ತಿತ್ತು. ನೆಟ್ಟಗಾದರೆ ಸಾಕಿತ್ತು. ಅವನು ಆಗಲಿಲ್ಲ.

“ನಿನ್ನಿಷ್ಟ ಕಣಪ್ಪ,” ಅಂದ.

ಬಹಳ ಹೊತ್ತಾದ ಮೇಲೆ ಚೀಲ ನೇರ ಬೆನ್ನಿಗೆ ಬಂತು. ಹೊತ್ತು ಲಾರಿ ಹತ್ತಿಸಿ ಬಂದು ಮತ್ತೆ ಬಗ್ಗಿದ. ಹೀಗೆ ಹನ್ನೊಂದು ದಿನ, ದಿನಕ್ಕೊಂದು ಹೊಸ ಕುಹಕ. ನಾಲ್ಕನೆಯ ದಿನ ತಡೆಯಲಾರದೆ ಲಾರಿಯ ಹಿಂದೆ ಹೋಗಿ ಟೈರಿಗೆ ಬೈದು ಬಂದ. ಸಂಜೆಗೆ ಅದು ಪಂಚರ್ ಆಗಿತ್ತು. ಆ ರಾತ್ರಿ ಕರ್ತನಲ್ಲಿ ಅದಕ್ಕೂ ಕ್ಷಮೆ ಕೇಳಿದ. ಬೆಳಿಗ್ಗೆ ಮತ್ತೆ ಗೋಣಿ ಹೊದ್ದ.

ಹನ್ನೆರಡನೆಯ ದಿನ ಉಚ್ಚೆಂಗಪ್ಪ ಆ ಗೋಣಿ ಕಿತ್ತುಕೊಂಡು ತಾನೇ ಹೊದ್ದು, ಬಗ್ಗಿದ.

“ಯಾಕಪ್ಪ?”

“ನಿನ್ನ ಬೈದು ಬೈದು ನನ್ನ ದವಡೆ ನೋಯ್ತೈತೆ. ಎತ್ತು.”

ಸಾಮುವೇಲಪ್ಪ ಚೀಲದ ತುದಿ ಹಿಡಿದ. “ಇನ್ನು ಮ್ಯಾಲೆ ಬಗ್ಗಿದೋನೇ ‘ಹಾಂ’ ಅನ್ನಬೇಕು. ನೀನು ಅನ್ನೋ ತನಕ ನಾವು ಬಿಡಂಗಿಲ್ಲ” ಎಂದು ಹೇಳಿ, ಪಾಲಯ್ಯನ ಜೊತೆ ಚೀಲ ಎತ್ತಿದ. “ಒಂದು. ಎರಡು.”

ಗೋಣಿಯೊಳಗಿಂದ ‘ಹಾಂ’ ಬರಲಿಲ್ಲ. “ನಮ್ಮೂರಾಗೆ ಈ ಸಲ ಮೆಕ್ಕೆಜೋಳ ಚೆಂದ ಹುಟ್ಟೈತೆ,” ಎಂಬ ನಿಧಾನದ ಮಾತು ಬಂತು.

ನೂರು ಕಿಲೋ ಗಾಳಿಯಲ್ಲಿ ತೂಗುತ್ತಿತ್ತು. ಪಾಲಯ್ಯ ನರಳಿದ. ಸಾಮುವೇಲಪ್ಪನ ಕಿವಿ ಕೆಂಪಾಯಿತು, ತೋಳಿನ ನರ ಹಗ್ಗದಂತೆ ಉಬ್ಬಿತು. ಅವನು ಉಸಿರು ಬಿಗಿಹಿಡಿದು, ಬೆರಳನ್ನು ಇನ್ನಷ್ಟು ಬಿಗಿಮಾಡಿ, ಆದಷ್ಟು ಮೆತ್ತಗೆ ಕೇಳಿದ:

“ಎಷ್ಟು ಎಕರೆ ಹಾಕೀರಪ್ಪ?”

“ಮೂರು,” ಅಂದ ಉಚ್ಚೆಂಗಪ್ಪ. “ಹಾಂ.”