ಗೋದಾಮು ನಂಬರ್ ಏಳು

ಕಾಸ್ಮಿರ್ ಲೋಬೊಗೆ ಯಾರ ಮೇಲೂ ನಂಬಿಕೆಯಿಲ್ಲ. ಸೌದಿಯ ಅಬ್ಕೈಕಿನ ಗುತ್ತಿಗೆ ಕಂಪನಿಯೊಂದರಲ್ಲಿ ಹದಿನಾಲ್ಕು ವರ್ಷದಿಂದ ಎಣ್ಣೆ ಪೈಪುಗಳ ನಕ್ಷೆ ಬಿಡಿಸುವ ಈ ಮನುಷ್ಯ ಸಕ್ಕರೆ ಡಬ್ಬಿಗೂ ಬೀಗ ಹಾಕುತ್ತಿದ್ದ. ಯಾರಾದರೂ ನಕ್ಕರೆ ಸಾಕು, "ಇವನಿಗೆ ನನ್ನಿಂದ ಎಂತ ಆಗ್ಬೇಕಪ್ಪ?" ಅಂತ ತಲೆಬಿಸಿ.

ಊರಲ್ಲಿ ಫ್ರಾನ್ಸಿಸ್ಕನ್ ಸನ್ಯಾಸಿಗಳ ಮಠದ ಹಳೇ ಇಗರ್ಜಿಯ ಮಾಡು ಮಳೆಗೆ ಕುಸಿದಿತ್ತು. ಕಮಾನಿನ ಮರದ ಛಾವಣಿ, ಹೂಬಳ್ಳಿ ಬಿಡಿಸಿದ ಹಲಗೆಗಳು, ಸನ್ಯಾಸಿಗಳು ಸೊಂಟಕ್ಕೆ ಕಟ್ಟುವ ಮೂರು ಗಂಟಿನ ಹಗ್ಗವನ್ನು ಗೋಡೆಯುದ್ದಕ್ಕೂ ಸುಣ್ಣದ ಗಾರೆಯಲ್ಲಿ ಎಬ್ಬಿಸಿದ್ದ ಚಂದ, ಎಲ್ಲ ಮಣ್ಣುಪಾಲು. ಅದಕ್ಕೂ ಮೊದಲು, ರಜೆಯಲ್ಲಿ ಏಣಿ ಹತ್ತಿ ಇಂಚಿಂಚು ಅಳೆದವನು ಕಾಸ್ಮಿರ್ ಒಬ್ಬನೇ. ಇದ್ದ ಹಾಗೇ ಕಟ್ಟಬೇಕಾದರೆ ಅವನ ನಕ್ಷೆಯೇ ಗತಿ. ತಿಂಗಳ ಕೊನೆಗೆ ಕಳಿಸುತ್ತೇನೆಂದು ಪಾದ್ರಿಗಳಿಗೆ ಮಾತು ಕೊಟ್ಟಿದ್ದ.

ಆದರೆ ಇಗರ್ಜಿಗೇ ಜಾಗವಿಲ್ಲದ ಈ ದೇಶದಲ್ಲಿ ಇಗರ್ಜಿಯ ನಕ್ಷೆ ಕಂಡು ಯಾರಾದರೂ ಚಾಡಿ ಹೇಳಿದರೆ? ಇಲ್ಲಿರಲು ಕೊಟ್ಟ ಪರವಾನಗಿ, ಇಕಾಮಾ, ಹೋದರೆ? ಶಿಲುಬೆಗಳನ್ನೆಲ್ಲ ಬಿಟ್ಟ. ಮೇಲ್ಗಡೆ ಕಂಪನಿಯ ಹೆಸರು ಹಾಕಿ "ಗೋದಾಮು ನಂಬರ್ ಏಳು" ಎಂದು ಬರೆದ. ಅಳತೆಯ ಪುಸ್ತಕವನ್ನೂ ಹರಿದು ಬಿಸಾಡಿದ. ಮಹಾ ಬುದ್ಧಿವಂತ!

ಕೋಣೆಯ ಜತೆಗಾರ ಉಳ್ಳಾಲದ ಹಾರಿಸ್. ಸಾಧು ಪ್ರಾಣಿ, ಆದರೆ ಒಂದು ವಾರದಿಂದ ಕಾಸ್ಮಿರನ ಕಂಪ್ಯೂಟರಿನತ್ತ ಇಣುಕುತ್ತಿದ್ದ. ಶುಕ್ರವಾರ ಬೆಳಿಗ್ಗೆ ಕಾಸ್ಮಿರ್ ಸ್ನಾನ ಮುಗಿಸಿ ಬಂದರೆ, ಹಾರಿಸ್ ನಕ್ಷೆಯ ಫೋಟೋ ತೆಗೆಯುತ್ತಿದ್ದಾನೆ! ಕಾಸ್ಮಿರ್ ಕೆಂಡದಂಥ ಕಣ್ಣು ಬಿಟ್ಟ. ಹಾರಿಸ್ ಮೊಬೈಲು ಜೇಬಿಗಿಳಿಸಿ ಹೊರಟೇಹೋದ.

"ಮುಗೀತು ನನ್ನ ಕಥೆ." ಕಾಸ್ಮಿರ್ ಕಂಪ್ಯೂಟರಿನ ಮುಂದೆ ಕೂತು, ನಕ್ಷೆಯನ್ನೆಲ್ಲ ಮತ್ತೆ ಸಿಗದ ಹಾಗೆ ಅಳಿಸಿಹಾಕಿದ.

ಜುಮಾ ನಮಾಜು ಮುಗಿಸಿ ಬಂದ ಹಾರಿಸ್ ಬಾಗಿಲಲ್ಲೇ ನಿಂತ. "ಕೋಪ ಮಾಡ್ಬೇಡಿ ಕಾಸ್ಮಿರಣ್ಣ. ನನ್ನ ಅಪ್ಪ ಗಾರೆ ಕೆಲಸದವರು. ಯಾವುದೋ ಇಗರ್ಜಿಯಲ್ಲಿ ನಿಮ್ಮ ನಕ್ಷೆಯಲ್ಲಿರುವಂಥದ್ದೇ ಗಾರೆ ಹಗ್ಗ ರಿಪೇರಿ ಮಾಡಿದ್ರಂತೆ, ಸಾಯುವವರೆಗೂ ಅದನ್ನೇ ಹೇಳ್ತಿದ್ರು. ಗೋದಾಮಿನಲ್ಲಿ ಅದು ಹೇಗೆ ಬಂತು ಅಂತ ಉಮ್ಮನಿಗೆ ತೋರಿಸುವ ಅಂತಿದ್ದೆ."

ಕಾಸ್ಮಿರನಿಗೆ ನಾಚಿಕೆಯಾಯಿತು, ಅದರ ಹಿಂದೆಯೇ ಆಸೆಯೂ ಹುಟ್ಟಿತು. "ಫೋಟೋದಲ್ಲಿ ಅಳತೆಗಳು ಕಾಣ್ತವಾ?"

"ಎಲ್ಲ ಕಾಣ್ತಿತ್ತು. ಒಂದೊಂದು ಪುಟವೂ ತೆಗೆದಿದ್ದೆ. ಆದ್ರೆ ನೀವು ಹಾಗೆ ನೋಡಿದ್ರಲ್ಲ! ಕಂಪನಿ ನಕ್ಷೆ ಕದ್ದ ಅಂತ ದೂರು ಕೊಟ್ರೆ ನನ್ನ ಕೆಲಸ ಹೋಗ್ತದಲ್ಲ ಮಾರಾಯ್ರೆ. ಮೆಟ್ಟಿಲಿಳಿಯುವಾಗಲೇ ಎಲ್ಲ ಅಳಿಸಿಬಿಟ್ಟೆ."

"ಅದು ಗೋದಾಮಲ್ಲ ಹಾರಿಸ್," ಎಂದ ಕಾಸ್ಮಿರ್, ಅಳು ತಡೆಯಲಾಗದೆ. "ನಮ್ಮ ಇಗರ್ಜಿ."